ಪುಟ್ಟಪ್ಪಣ್ಣ ಕೊಡಿಸಿದ ದನ

ನಮ್ಮ ಬಸ್ಸಿನ ಡ್ರೈವರ್ ಪುಟ್ಟಪ್ಪಣ್ಣನಂಥ ಪುಕ್ಕಲನನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕು ಜಾಲಾಡಿದರೂ ನೀವು ಕಾಣಲಾರಿರಿ. ಇದನ್ನು ನಾನು ಅವನ ಬೆನ್ನ ಹಿಂದೆ ಹೇಳುತ್ತಿಲ್ಲ. ಅದೇ ಬಸ್ಸಿನ ಕಂಡಕ್ಟರ್ ನಾನು, ತೀರ್ಥೇಶ. ದಿನಾ ಅವನ ಮುಖಕ್ಕೇ ಹೇಳುತ್ತೇನೆ. ಅವನು ಬೇಜಾರೂ ಮಾಡಿಕೊಳ್ಳುವುದಿಲ್ಲ. "ಹೌದು ಮಾರಾಯ, ಹೆದರಿಕೆ ಆಗ್ತದೆ, ಎಂತ ಮಾಡದು?" ಎಂದು ಗೇರು ಬದಲಿಸುತ್ತಾನೆ.

ಬೆಳಿಗ್ಗೆ ಸಾಗರ ಬಿಟ್ಟು ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸು ನಮ್ಮದು. ತಿರುವಿನಲ್ಲಿ ಹಾರ್ನ್ ಹೊಡೆಯದ ಡ್ರೈವರ್ ಇಲ್ಲ. ಪುಟ್ಟಪ್ಪಣ್ಣ ನೇರ ರಸ್ತೆಯಲ್ಲೂ ಹೊಡೆಯುತ್ತಾನೆ. ಎದುರಿಗೆ ಎಮ್ಮೆ ಬಂದರೆ ಬಸ್ಸೇ ಪಕ್ಕಕ್ಕೆ ಸರಿಯುತ್ತದೆ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ "ಯಾರು ಅಂತ ನೋಡೋ" ಎಂದು ಮೊಬೈಲನ್ನು ನನ್ನ ಕೈಗೆ ದಾಟಿಸುತ್ತಾನೆ. ಬ್ಯಾಕೋಡಿನಲ್ಲಿ ಅವನ ನೆಂಟರಿದ್ದಾರೆ. ಮೊದಲೆಲ್ಲ ಹಿನ್ನೀರು ದಾಟಲು ಲಾಂಚ್ ಹತ್ತಬೇಕಲ್ಲ ಎಂದು ಹೆದರಿ ಮದುವೆಗಳಿಗೇ ಹೋಗುತ್ತಿರಲಿಲ್ಲ. ಈಗ ಸೇತುವೆಯಾಗಿದೆ. "ಕೆಳಗೆ ನೀರು ಹಂಗೇ ಇದೆಯಲ್ಲೋ" ಎನ್ನುತ್ತಾನೆ.

ಇಂಥವನು ಒಂದು ಮಗುವಿನ ಓದಿನ ಜವಾಬ್ದಾರಿ ಹೊತ್ತುಕೊಂಡ ಎಂದರೆ ಯಾರೂ ನಂಬುವುದಿಲ್ಲ. ಅದಕ್ಕೆ ಕಾರಣ ಮನೋರಮಾ ಮಿಸ್. ಸಾಗರದಲ್ಲಿ ಟೀಚರಾಗಿದ್ದವರು, ರಿಟೈರ್ ಆದ ಮೇಲೆ ಬಡ ಮಕ್ಕಳನ್ನು ಓದಿಸುವ ಒಂದು ಸಣ್ಣ ಸಂಸ್ಥೆ ನೋಡಿಕೊಳ್ಳುತ್ತಿದ್ದಾರೆ. ಮಕ್ಕಳ ಮನೆಗಳಿಗೆ ಹೋಗಿ ಬರಲು ನಮ್ಮ ಬಸ್ಸನ್ನೇ ಹತ್ತುತ್ತಾರೆ, ಡ್ರೈವರ್ ಹಿಂದಿನ ಸೀಟು ಅವರಿಗೇ ಮೀಸಲು. ಒಂದು ವರ್ಷ ಮಳೆಗಾಲವಿಡೀ ಅವನ ಕಿವಿಯಲ್ಲಿ ಊದಿ ಊದಿ ಒಪ್ಪಿಸಿದರು. ಒಪ್ಪಿದ ಮೇಲೂ ಅವನಿಗೆ ನಿದ್ದೆಯಿಲ್ಲ. ನಡುವೆ ನಿಲ್ಲಿಸಬೇಕಾಗಿ ಬಂದರೆ ಮಗುವಿನ ಶಾಪ ತಟ್ಟುತ್ತದಾ, ಆ ಮನೆಯವರು ಜಗಳಕ್ಕೆ ಬರುತ್ತಾರಾ ಎಂದು ನನ್ನ ತಲೆ ತಿಂದ. ಕಡೆಗೆ ಅವನ ಹೆಂಡತಿ ರಂಗಮ್ಮಕ್ಕನೇ, "ಹೆದರ್ಕೊಂಡೇ ಮಾಡಿ, ಯಾರು ಬೇಡ ಅಂದ್ರು?" ಎಂದು ಗದರಿದಳು.

ಸಂಸ್ಥೆಯ ಕಟ್ಟಳೆ ಹೀಗಿತ್ತು. ಕೊಡುವವರು ಯಾರೆಂದು ಮಗುವಿನ ಮನೆಯವರಿಗೆ ಹೇಳುವುದಿಲ್ಲ. ಕೊಡುವವರೂ ಆ ಮನೆಗೆ ಹೋಗಬಾರದು. ಏನಿದ್ದರೂ ಮಿಸ್ ಮೂಲಕ. ಮನೆಯವರು ಮಗುವನ್ನು ಶಾಲೆ ತಪ್ಪಿಸಬಾರದು, ಕೆಲಸಕ್ಕೆ ಕಳಿಸಬಾರದು. ವರ್ಷಕ್ಕೊಮ್ಮೆ ಮಗುವಿನದೊಂದು ಕಾಗದ, ಒಂದು ಫೋಟೋ ಬರುತ್ತದೆ. ಪುಟ್ಟಪ್ಪಣ್ಣನಿಗೆ ಬಂದದ್ದು ಐದನೇ ಕ್ಲಾಸಿನ ಲಿಖಿತಾಳ ಫೋಟೋ. ಅಪ್ಪ ತೀರಿಕೊಂಡಿದ್ದ, ಅಮ್ಮ ಆಶಾ ಕೂಲಿಗೆ ಹೋಗುತ್ತಿದ್ದಳು, ಅಷ್ಟು ಗೊತ್ತಾಯಿತು. ಊರು ಯಾವುದೆಂದು ಮಿಸ್ ಹೇಳಲಿಲ್ಲ, ಇವನು ಕೇಳಲೂ ಇಲ್ಲ.

ಆ ಹುಡುಗಿ ಎಂಟನೇ ಕ್ಲಾಸಿಗೆ ಬಂದ ಜೂನಿನಲ್ಲಿ, ಹೊಸನಗರ ದಾಟಿದ ಮೇಲೆ ಬರುವ ಬೈನೆಕೊಡಿಗೆ ಕ್ರಾಸಿನಲ್ಲಿ, ಹೈಸ್ಕೂಲಿಗೆ ಹೋಗಲು ನಮ್ಮ ಬಸ್ಸನ್ನೇ ಹತ್ತಿತು. ಪುಟ್ಟಪ್ಪಣ್ಣ ಕನ್ನಡಿಯಲ್ಲಿ ನೋಡಿದವನು ಕ್ಲಚ್ ಬಿಡುವುದನ್ನೇ ಮರೆತ. ತೀರ್ಥಹಳ್ಳಿಯಲ್ಲಿ ಜನ ಇಳಿದ ಮೇಲೆ ನನ್ನ ತೋಳು ಹಿಡಿದು, "ಅದು ನಮ್ಮ ಹುಡುಗಿ ಕಣೋ. ಯಾರಿಗೂ ಹೇಳಬೇಡ, ದಮ್ಮಯ್ಯ" ಎಂದ. ಹೇಳಿದರೆ ಎಂತ ಆಗುತ್ತದೆ ಎಂದು ಕೇಳಿದೆ. "ಗೊತ್ತಾದ್ರೆ ದಿನಾ ನನ್ನ ಮುಖ ನೋಡಿ ಕುಗ್ಗಿ ಕೂತ್ಕಳ್ತದೆ. ಈಗ ನೋಡು, ಹೆಂಗೆ ಗಲಾಟೆ ಮಾಡ್ತಾ ಇತ್ತು" ಎಂದ. ಹೆದರುಪುಕ್ಕಲನ ಬಾಯಿಂದ ಅಷ್ಟು ಒಳ್ಳೆಯ ಮಾತು ಬಂದದ್ದು ಕೇಳಿ ನಾನೂ ಬಾಯಿ ಹೊಲಿದುಕೊಂಡೆ.

ಆಮೇಲೆ ಬೈನೆಕೊಡಿಗೆ ಕ್ರಾಸಿನಲ್ಲಿ ಬಸ್ಸಿಗೆ ಬ್ರೇಕು ಬೇರೆ ಥರ ಬೀಳತೊಡಗಿತು. ಹುಡುಗಿ ಇನ್ನೂ ಗುಡ್ಡ ಇಳಿಯುತ್ತಿದ್ದರೆ ಇವನು ಕನ್ನಡಿ ಒರೆಸುತ್ತ ಕೂರುವನು. ಧರ್ಮಪ್ಪ ಎಂದು ಒಬ್ಬ ಮುದುಕ, ದಿನದ ಗಿರಾಕಿ. "ಮಾವನ ಮನೆಗೆ ಬಂದಂಗೆ ಕೂತ್ಯಲ್ಲೋ, ಹೊರಡೋ" ಎಂದು ಕೂಗುತ್ತಿದ್ದ. ಪುಟ್ಟಪ್ಪಣ್ಣನಿಗೆ ಕೇಳಿಸುತ್ತಿರಲಿಲ್ಲ. ಲಿಖಿತಾ ಹತ್ತಿ, "ಥ್ಯಾಂಕ್ಸ್ ಡ್ರೈವರ್ ಮಾಮ" ಎಂದು ಹಿಂದೆ ಓಡುತ್ತಿದ್ದಳು. ಅವನಿಗೆ ಅಷ್ಟು ಸಾಕಾಗಿತ್ತು.

ಹೋದ ವರ್ಷದ ಕಾಗದದಲ್ಲಿ ಆ ಹುಡುಗಿ, ನಮ್ಮ ಮನೆಯಲ್ಲಿ ದನ ಇಲ್ಲ, ಹಾಲಿಲ್ಲದ ಚಾ ಕುಡಿದು ಓದುತ್ತೇನೆ ಎಂದು ಬರೆದಿದ್ದಳು. ಸುಮ್ಮನೆ ಬರೆದದ್ದು. ಪುಟ್ಟಪ್ಪಣ್ಣನ ಮನಸ್ಸಿಗೆ ಅದೇ ಹತ್ತಿಕೊಂಡಿತು. ದೀಪಾವಳಿ ಕಳೆದ ಮೇಲೆ ಮಿಸ್ ಮೂಲಕ ಕರು ಹಾಕಿದ ಒಂದು ಮಲೆನಾಡು ಗಿಡ್ಡ ತಳಿಯ ದನ ಕೊಡಿಸಿದ. ಗುಟ್ಟಾಗಿಯೇ. ಮಾರನೇ ವಾರ ಲಿಖಿತಾ ಗೆಳತಿಯ ಹತ್ತಿರ ದನದ ಬಣ್ಣ, ಅದರ ಹೊಟ್ಟೆಬಾಕತನ, ಕರುವಿನ ಕುಣಿತ ಎಲ್ಲ ಹೇಳುತ್ತಿದ್ದುದು ಮುಂದಿನವರೆಗೂ ಕೇಳುತ್ತಿತ್ತು. ಇವನು ಹಾರ್ನ್ ಹೊಡೆಯುವುದನ್ನು ಬಿಟ್ಟು ಕಿವಿಗೊಟ್ಟಿದ್ದ. ಅವನು ಹೆದರದೆ ಬಸ್ಸು ಓಡಿಸಿದ್ದನ್ನು ನಾನು ಕಂಡದ್ದು ಆ ಎರಡು ತಿಂಗಳು ಮಾತ್ರ.

ನಮ್ಮ ಕಡೆ ದನ ಕಟ್ಟಿದವರು ಕೊಟ್ಟಿಗೆಗೆ ಕಾಡಿನ ಒಣ ಎಲೆ ಗುಡಿಸಿ ತಂದು ಹಾಸುತ್ತಾರೆ. ದರಗು ಎನ್ನುತ್ತೇವೆ. ದನ ಬೆಚ್ಚಗೆ ಮಲಗುತ್ತದೆ, ಗೊಬ್ಬರವೂ ಆಗುತ್ತದೆ. ಎಲೆ ಉದುರುವುದು ಚಳಿ ಮುಗಿಯುವ ಹೊತ್ತಿಗೆ. ಮಂಗನ ಕಾಯಿಲೆ ಬರುವುದೂ ಅದೇ ಹೊತ್ತಿಗೆ. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಎಲೆಗೆ ಇಳಿಯುತ್ತದೆ, ಎಲೆಯಿಂದ ದನಕ್ಕೆ, ಮನುಷ್ಯರಿಗೆ ಹತ್ತುತ್ತದೆ. ಸಾಸಿವೆಗಿಂತ ಸಣ್ಣ ಹುಳ. ಕಚ್ಚಿದ್ದೂ ಗೊತ್ತಾಗುವುದಿಲ್ಲ, ಜ್ವರ ಬಂದ ಮೇಲೆ ಗೊತ್ತಾಗುತ್ತದೆ. ಇದು ಇಲ್ಲಿ ಹುಟ್ಟಿದ ಮಕ್ಕಳಿಗೂ ತಿಳಿದ ಸಂಗತಿ. ಎಲ್ಲದಕ್ಕೂ ಹೆದರುವ ಪುಟ್ಟಪ್ಪಣ್ಣ ಹಾಲನ್ನು ನೆನೆದ ಭರದಲ್ಲಿ ಇದೊಂದಕ್ಕೆ ಹೆದರಲು ಮರೆತಿದ್ದ.

ಜನವರಿಯಲ್ಲಿ ಬೈನೆಕೊಡಿಗೆ ಮೇಲಿನ ಕಾಡಿನಲ್ಲಿ ಮಂಗ ಸತ್ತಿದೆ ಎಂದು ಬಸ್ಸಿನಲ್ಲಿ ಸುದ್ದಿಯಾಯಿತು. ಆರೋಗ್ಯ ಇಲಾಖೆಯವರು ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ ಹಂಚಿದರು, ಕಾಡಿಗೆ ಹೋಗಬೇಡಿ ಎಂದು ಮೈಕಿನಲ್ಲಿ ಕೂಗಿಕೊಂಡು ಹೋದರು. ಮುಂದಿನ ಭಾನುವಾರ ನಾವು ಆ ಕ್ರಾಸು ದಾಟುವಾಗ, ರಸ್ತೆ ಪಕ್ಕದಲ್ಲಿ ಲಿಖಿತಾ, ಅವಳ ಅಮ್ಮ ಇಬ್ಬರೂ ತಲೆ ಮೇಲೆ ದರಗಿನ ಹೊರೆ ಹೊತ್ತು ನಡೆಯುತ್ತಿದ್ದರು. ಬಸ್ಸು ಗಕ್ಕನೆ ನಿಂತಿತು. ನಿಂತಿದ್ದವರೆಲ್ಲ ಮುಂದಕ್ಕೆ ಬಿದ್ದರು. ಪುಟ್ಟಪ್ಪಣ್ಣನ ಮುಖದಲ್ಲಿ ರಕ್ತವೇ ಇರಲಿಲ್ಲ. "ತೀರ್ಥೇಶ, ನಾ ಕೊಡ್ಸಿದ ದನಕ್ಕೆ ಕಣೋ ಅದು" ಎಂದ.

ಮಿಸ್‌ಗೆ ಹೇಳಿಬಿಡು ಎಂದೆ. ಹೇಳಿದರೆ ಆಶಾಳ ಮೇಲೆ ದೂರು ಕೊಟ್ಟ ಹಾಗಾಗುತ್ತದೆ ಎಂದು ಹೆದರಿದ. ನೀನೇ ಆ ಹುಡುಗಿಗೆ ಹೇಳು ಎಂದೆ. ಹೇಳಿದರೆ ಇವನ್ಯಾಕೆ ಹೇಳುತ್ತಾನೆಂದು ಗುಟ್ಟು ಒಡೆಯುತ್ತದೆ ಎಂದು ಹೆದರಿದ. ಕಡೆಗೆ ಎಲ್ಲಿಂದಲೋ ಎಣ್ಣೆಯ ಬಾಟಲಿ ಸಂಪಾದಿಸಿ ತಂದು ನನ್ನ ಕೈಗೆ ಕೊಟ್ಟ. ಬಸ್ಸಿನವರಿಗೆಲ್ಲ ಕೊಡುತ್ತಿದ್ದೇವೆ ಎಂದು ಸುಳ್ಳು ಹೇಳಿ ಅದನ್ನು ಲಿಖಿತಾಳಿಗೆ ದಾಟಿಸಿದೆ. ಧರ್ಮಪ್ಪ ತನಗೂ ಬೇಕೆಂದು ಪಟ್ಟು ಹಿಡಿದು ಕೂತ. ಅವನನ್ನು ಸುಮ್ಮನಿರಿಸುವಷ್ಟರಲ್ಲಿ ತೀರ್ಥಹಳ್ಳಿ ಬಂದಿತ್ತು.

ಫೆಬ್ರವರಿಯ ಒಂದು ಸೋಮವಾರ ಕ್ರಾಸಿನಲ್ಲಿ ಹುಡುಗಿ ಇರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಅವಳ ಗೆಳತಿಯನ್ನು ಕೇಳಿದೆ. ಅದು ಆಚೀಚೆ ನೋಡಿ, "ಜ್ವರ ಮಾಮ. ಯಾರಿಗೂ ಹೇಳ್ಬೇಡ ಅಂದಿದಾರೆ ಅವ್ರಮ್ಮ. ಮಿಸ್ಸಿಗಂತೂ ಹೇಳ್ಲೇಬಾರ್ದಂತೆ" ಎಂದಿತು. ಜ್ವರ ಬಂದದ್ದನ್ನು ಯಾಕೆ ಮುಚ್ಚಿಡುತ್ತಾರೆ? ನನಗೆ ತಲೆಬುಡ ಗೊತ್ತಾಗಲಿಲ್ಲ. ತೀರ್ಥಹಳ್ಳಿಯಲ್ಲಿ ಪುಟ್ಟಪ್ಪಣ್ಣ, ರಂಗಮ್ಮಕ್ಕ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದ, ಹಾಗೇ ಕಟ್ಟಿದ.

ವಾಪಸು ಬರುವಾಗ ಬೈನೆಕೊಡಿಗೆ ಕ್ರಾಸಿನಲ್ಲಿ ಬಸ್ಸನ್ನು ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿದ. ಜನ ಏನಾಯಿತು ಎಂದರು. "ಒಂದು ಮಗು ಹುಷಾರಿಲ್ಲ, ನೋಡ್ಕೊಂಡು ಬರ್ತೀನಿ" ಎಂದು ಇಳಿದ. ಇಳಿದವನು ಬಾಗಿಲ ಕಂಬಿ ಬಿಡಲಿಲ್ಲ. "ನೀನೂ ಬಾರೋ, ನಂಗೆ ಹೆದರಿಕೆ ಆಗ್ತದೆ" ಎಂದ. ನಾನು ಟಿಕೆಟ್ ಚೀಲ ಧರ್ಮಪ್ಪನ ಮಡಿಲಿಗೆ ಹಾಕಿ ಹಿಂದೆ ಓಡಿದೆ.

ಗುಡ್ಡದ ಮೇಲೆ ಹೆಂಚಿನ ಸಣ್ಣ ಮನೆ. ಪಕ್ಕದ ಕೊಟ್ಟಿಗೆಯಲ್ಲಿ ಆ ದನ ಮೊಣಕಾಲು ಮುಳುಗುವಷ್ಟು ದರಗಿನ ಮೇಲೆ ನಿಂತು ಮೆಲುಕು ಹಾಕುತ್ತಿತ್ತು. ಪುಟ್ಟಪ್ಪಣ್ಣ ಅದರ ಕಡೆ ತಿರುಗಿ ನೋಡಲೂ ಇಲ್ಲ. ನಮ್ಮನ್ನು ಕಂಡು ಆಶಾ ಬಾಗಿಲಿಗೆ ಅಡ್ಡ ಬಂದಳು. ಬಸ್ಸಿನ ಡ್ರೈವರೆಂದು ಗುರುತು ಸಿಕ್ಕಿತು.

"ಎಂತ ಇಲ್ಲ ಡ್ರೈವರಣ್ಣ. ಸುಮ್ನೆ ಶೀತದ ಜ್ವರ. ಕಷಾಯ ಕೊಟ್ಟಿದೀನಿ. ನಿಮಗೆ ಯಾರು ಹೇಳಿದ್ದು?"

"ಒಂದ್ಸಲ ನೋಡ್ತೀನಿ ತಂಗಿ," ಎಂದು ಅವನು ಒಳಗೆ ನುಗ್ಗಿಯೇಬಿಟ್ಟ. ಜೀವಮಾನದಲ್ಲಿ ಮೊದಲ ಸಲ ಒಬ್ಬರನ್ನು ಪಕ್ಕಕ್ಕೆ ಸರಿಸಿದ.

ಹುಡುಗಿ ಚಾಪೆಯ ಮೇಲೆ ಮುದುರಿ ಮಲಗಿತ್ತು. ಕಣ್ಣು ಕೆಂಡವಾಗಿತ್ತು. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಕೂಗುವ ಹುಡುಗಿ ಇದೇನಾ ಎನ್ನುವ ಹಾಗಿತ್ತು. ತಲೆನೋವು ಎಂದು ಹೇಳಲು ಬಾಯಿ ತೆರೆದಾಗ ಹಲ್ಲಿನ ಬುಡದಲ್ಲಿ ರಕ್ತ ಕಂಡಿತು. ಹಲ್ಲಿನಲ್ಲಿ ರಕ್ತ ಬಂದವರ ಕಥೆಗಳನ್ನು ನಾವು ಆ ರಸ್ತೆಯಲ್ಲಿ ಬೇಕಾದಷ್ಟು ಕೇಳಿದ್ದೆವು, ಎಲ್ಲವೂ ಒಳ್ಳೆಯದಾಗಿ ಮುಗಿದಿರಲಿಲ್ಲ. ಅಕ್ಕಪಕ್ಕದವರನ್ನು ಕರೆಯುವ ಹೊತ್ತೂ ಇರಲಿಲ್ಲ. ನಾನೂ ಆಶಾಳೂ ಹುಡುಗಿಯನ್ನು ಎತ್ತಿಕೊಂಡೆವು. ಪುಟ್ಟಪ್ಪಣ್ಣ ಮುಂದೆ ಮುಂದೆ ಕಲ್ಲು ತಪ್ಪಿಸುತ್ತ ಇಳಿದ.

ಬಸ್ಸನ್ನು ತೀರ್ಥಹಳ್ಳಿಗೇ ತಿರುಗಿಸಿದ. ಬಸ್ಸಿನಲ್ಲಿದ್ದವರೆಲ್ಲ ಸಾಗರದ ಕಡೆ ಹೊರಟವರು, ಒಬ್ಬರೂ ಚಕಾರ ಎತ್ತಲಿಲ್ಲ. ಧರ್ಮಪ್ಪ ತನ್ನ ಪಂಚೆ ಮಡಿಸಿ ಹುಡುಗಿಯ ತಲೆಯಡಿ ಕೊಟ್ಟು ಚಡ್ಡಿಯಲ್ಲೇ ಕೂತ. ಇವತ್ತಾದರೂ ಜೋರಾಗಿ ಓಡಿಸುತ್ತಾನೆ ಎಂದುಕೊಂಡರೆ ಅದೇ ನಡಿಗೆ. ಪ್ರತಿ ತಿರುವಿಗೂ ಹಾರ್ನ್. ನನಗೆ ಸಿಟ್ಟು ನೆತ್ತಿಗೇರಿ, "ಒತ್ತೋ ಮಾರಾಯ, ಇವತ್ತೊಂದಿನ ಒತ್ತು" ಎಂದು ಕಿರುಚಿದೆ. "ಕುಲುಕ್ತದೆ ಕಣೋ, ಮಗೂಗೆ ತಲೆನೋವು" ಎಂದ. ನಾನು ಹಿಂದೆ ಹೋಗಿ ಹುಡುಗಿಯ ತಲೆ ಅಲುಗದಂತೆ ಹಿಡಿದು ಕೂತೆ.

ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಗೆ ಕಳಿಸಿದರು. ಅದೇ ಕಾಯಿಲೆ ಎಂದು ಬಂತು. ಇದಕ್ಕೆಂದೇ ಮದ್ದಿಲ್ಲ, ನೀರಿನಂಶ ಕಡಿಮೆಯಾಗದಂತೆ ನೋಡಿಕೊಳ್ಳುವುದು, ಕಾಯುವುದು, ತಡವಾಗಿ ಕರಕೊಂಡು ಬಂದಿದ್ದೀರಿ ಎಂದರು ಡಾಕ್ಟರು. ಪುಟ್ಟಪ್ಪಣ್ಣ ದಿನಾ ಬಸ್ಸು ನಿಲ್ಲಿಸಿ ರಂಗಮ್ಮಕ್ಕ ಕೊಟ್ಟ ಗಂಜಿಯ ಕ್ಯಾರಿಯರ್ ಹಿಡಿದುಕೊಂಡು ಆಸ್ಪತ್ರೆಗೆ ಬರುವನು. ವಾರ್ಡಿನ ಒಳಗೆ ಮಾತ್ರ ಹೋಗಲಾರ. ಹೊರಗಿನ ಮೆಟ್ಟಿಲ ಮೇಲೆ ಕೂತು, ನರ್ಸು ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುವನು. "ನನ್ನಿಂದ ಒಂದು ಮಗು ಹೋಗ್ತದೆ ಕಣೋ" ಎನ್ನುವನು. ಹಾಗೆಲ್ಲ ಅನ್ನಬೇಡ ಎಂದು ಬೈಯುತ್ತಿದ್ದೆ. ಒಳಗೊಳಗೆ ನನಗೂ ಅದೇ ಭಯ. ಸುಳ್ಳು ಯಾಕೆ ಹೇಳಲಿ, ದನ ಕೊಡಿಸದೆ ಇದ್ದಿದ್ದರೆ ಆ ಹುಡುಗಿ ಕಾಡಿಗೆ ಕಾಲಿಡುತ್ತಿರಲಿಲ್ಲ ಎಂದು ನನಗೂ ಅನಿಸುತ್ತಿತ್ತು.

ಜ್ವರ ಇಳಿಯಿತು. ಎಲ್ಲರೂ ಉಸಿರು ಬಿಟ್ಟೆವು. ಪುಟ್ಟಪ್ಪಣ್ಣ ಎರಡು ಇಡ್ಲಿ ತಿಂದ. ಮಾರನೇ ವಾರ ಜ್ವರ ಮತ್ತೆ ಏರಿತು. ಈ ಕಾಯಿಲೆಯ ಜಾಯಮಾನವೇ ಹಾಗಂತೆ, ಕೆಲವರಿಗೆ ಹೋದ ಹಾಗೆ ಮಾಡಿ ತಿರುಗಿ ಬರುತ್ತದಂತೆ. ಈ ಸಲ ಹುಡುಗಿ ಏನೇನೋ ಬಡಬಡಿಸಿತು. ಶಿವಮೊಗ್ಗಕ್ಕೆ ಒಯ್ಯಬೇಕಾಗಬಹುದು, ತಯಾರಿರಿ ಎಂದರು. ಆ ದಿನ ಬಸ್ಸು ಓಡಿಸಲು ಪುಟ್ಟಪ್ಪಣ್ಣನಿಂದ ಆಗಲಿಲ್ಲ. ಬೇರೆ ಡ್ರೈವರ್ ಜೊತೆ ನಾನು ಹೋಗಿ ಬರುವಷ್ಟರಲ್ಲಿ ಅವನು ಅದೇ ಮೆಟ್ಟಿಲ ಮೇಲೆ, ಅದೇ ಭಂಗಿಯಲ್ಲಿ ಕೂತಿದ್ದ. ಒಯ್ಯುವ ಪ್ರಸಂಗ ಬರಲಿಲ್ಲ. ಜ್ವರ ಇಳಿಯುತ್ತ ಬಂದು, ಹುಡುಗಿ ತಾನಾಗಿ ಎದ್ದು ಕೂತು ಗಂಜಿಗೆ ಉಪ್ಪಿನಕಾಯಿ ಕೇಳಿತು. ಬದುಕಿತು ಎಂದರು ಡಾಕ್ಟರು. ಪುಟ್ಟಪ್ಪಣ್ಣ ಗೋಡೆಯ ಕಡೆ ತಿರುಗಿ ಅತ್ತ.

ಮಾರನೇ ಮಧ್ಯಾಹ್ನ ಆಶಾ ಹೊರಗೆ ಬಂದು ಮೆಟ್ಟಿಲ ಮೇಲೆ ಅವನ ಪಕ್ಕದಲ್ಲೇ ಕೂತಳು. ಕಾಲು ಚಾಚಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟು ದಿನದಲ್ಲಿ ಅವಳು ನಿರಾಳವಾಗಿ ಕೂತದ್ದನ್ನು ನಾನು ಅದೇ ಮೊದಲು ಕಂಡದ್ದು. ನಾನು ಕೆಳಗಿನ ಮೆಟ್ಟಿಲಲ್ಲಿದ್ದೆ.

"ಡ್ರೈವರಣ್ಣ, ನಿಮ್ಮ ಉಪಕಾರ ಎಷ್ಟಾತು ಅಂತ ಲೆಕ್ಕ ಇಲ್ಲ. ಇನ್ನೊಂದು ಮಾಡ್ಬೇಕು," ಎಂದಳು. "ಮನೋರಮಾ ಮಿಸ್ ನಿಮ್ಮ ಬಸ್ಸಲ್ಲೇ ಬರ್ತಾರಲ್ಲ, ನಿಮ್ಮ ಮಾತು ಕೇಳ್ತಾರೆ. ಹುಡುಗಿ ದರಗಿಗೆ ಹೋಗಿದ್ದು ಆ ಸಾರ್‌ಗೆ ಗೊತ್ತಾಗ್ದಂಗೆ ನೋಡ್ಕಳಿ ಅಂತ ಹೇಳಿ."

"ಯಾವ ಸಾರ್?" ಎಂದ ಪುಟ್ಟಪ್ಪಣ್ಣ.

"ಅದೇ, ಇವಳನ್ನ ಓದಿಸ್ತಾರಲ್ಲ, ಅವರು. ಯಾರೋ ಏನೋ, ನಾವು ನೋಡಿಲ್ಲ. ನಾಲ್ಕು ವರ್ಷದಿಂದ ಅವರದ್ದೇ ಹೆದರಿಕೆ ನಮಗೆ. ಎಲ್ಲಿ ಕೈ ಬಿಡ್ತಾರೋ ಅಂತ. ಮಾರ್ಕು ಕಮ್ಮಿ ಬಂದ್ರೆ ಹೆದರಿಕೆ, ಇವಳು ಒಂದಿನ ಶಾಲೆ ತಪ್ಪಿಸಿದ್ರೆ ಹೆದರಿಕೆ. ಸಾರ್ ಬಿಟ್ಬಿಡ್ತಾರೆ ನೋಡು ಅಂತ ಹೆದರ್ಸೇ ಇವಳನ್ನ ಓದಿಗೆ ಕೂರ್ಸೋದು ನಾನು." ಆಶಾ ಸಣ್ಣಗೆ ನಕ್ಕಳು. "ಈ ತಿಂಗಳು ಫೋಟೋ ತೆಗೆಯೋಕೆ ಬರ್ತಾರೆ, ದನಾನೂ ಬೇಕು ಅಂದಿದ್ರು ಮಿಸ್. ಅವರು ಕೊಟ್ಟ ದನ ಸಗಣೀಲಿ ನಿಂತಿದ್ದು ಕಂಡ್ರೆ ಏನಂದ್ಕಳ್ತಾರೆ? ಅದಕ್ಕೇ ಮಂಗ ಸತ್ತಿದೆ ಅಂತ ಗೊತ್ತಿದ್ರೂ ದರಗಿಗೆ ಹೋಗಿದ್ದು. ಜ್ವರ ಬಂದ ಮೇಲೆ ಬಾಯಿ ಬಿಟ್ರೆ, ಮಗೂನ ಯಾಕೆ ಕೆಲಸಕ್ಕೆ ಕಳ್ಸಿದೆ ಅಂತಾರಲ್ಲ ಅಂತ ಮುಚ್ಚಿಟ್ಟೆ. ನೀವು ಬರ್ದೇ ಇದ್ರೆ..."

ನಾನು ಪುಟ್ಟಪ್ಪಣ್ಣನ ಕಡೆ ನೋಡಲು ಹೆದರಿದೆ. ಇನ್ನು ಇವನು ಬಾಯಿ ಬಿಡುವುದಿಲ್ಲ, ಮಿಸ್‌ಗೆ ಹೇಳುತ್ತೇನೆ ಎಂದು ಎದ್ದು ಹೋಗುತ್ತಾನೆ, ಅದೇ ಒಳ್ಳೆಯದು ಎಂದುಕೊಂಡೆ. ಅವನು ಹೋಗಲಿಲ್ಲ.

"ಹೆದರ್ಬೇಡ ತಂಗಿ. ಅದು ನಾನೇ," ಎಂದ. "ಓದಿಸೋದು ನಾನೇ. ದನ ಕೊಡ್ಸಿದ್ದೂ ನಾನೇ. ನಂಗೆ ಯಾವ ಫೋಟೋನೂ ಬೇಡ. ಬಿಡೋದೂ ಇಲ್ಲ."

ಆಶಾ ಮೊದಲು ನನ್ನ ಮುಖ ನೋಡಿದಳು, ತಮಾಷೆಯೋ ಎಂದು. ನಾನು ಹೌದೆಂದು ತಲೆಯಾಡಿಸಿದೆ. ಅವಳು ಚಾಚಿದ ಕಾಲನ್ನು ಎಳೆದುಕೊಂಡಳು. ಮೆಲ್ಲಗೆ ಎದ್ದಳು. ಸೆರಗು ಹೊದ್ದು, ಎರಡು ಮೆಟ್ಟಿಲು ಕೆಳಗಿಳಿದು, ಗೋಡೆಗೆ ಒತ್ತಿ ನಿಂತಳು.

"ಗೊತ್ತಾಗ್ಲಿಲ್ಲ ಸಾರ್," ಎಂದಳು. "ಏನೇನೋ ಮಾತಾಡ್ಬಿಟ್ಟೆ. ತಪ್ಪಾತು."

"ಸಾರ್ ಅನ್ಬೇಡ ಮಾರಾಯ್ತಿ. ಕೂತ್ಕ."

"ಇರ್ಲಿ ಸಾರ್."

ಪುಟ್ಟಪ್ಪಣ್ಣ ತಾನೂ ಎದ್ದು ನಿಂತ. ಆಗ ಅವಳು ಇನ್ನೂ ಒಂದು ಮೆಟ್ಟಿಲು ಇಳಿದಳು. ಇಬ್ಬರೂ ಹಾಗೇ ನಿಂತರು. ಒಳಗಿನಿಂದ ಹುಡುಗಿ "ಅಮ್ಮಾ, ನೀರು" ಎಂದು ಕರೆಯಿತು. ಮತ್ತೊಮ್ಮೆ ಕರೆಯಿತು. ಆಶಾ ಬಾಗಿಲ ಕಡೆ ಹೆಜ್ಜೆ ಎತ್ತಿದವಳು ತಡೆದು ನಿಂತಳು. ಹೋಗಲಾ ಎಂದು ಅಪ್ಪಣೆ ಕೇಳುವವಳ ಹಾಗೆ ಅವನ ಮುಖ ನೋಡಿದಳು.

ಇಷ್ಟು ವರ್ಷ ಅವನ ಜೊತೆ ಬಸ್ಸಿನಲ್ಲಿದ್ದೇನೆ. ಪುಟ್ಟಪ್ಪಣ್ಣ ಆ ಹೊತ್ತು ಹೆದರಿದಷ್ಟು ಯಾವತ್ತೂ ಹೆದರಿದ್ದನ್ನು ನಾನು ಕಂಡಿಲ್ಲ.